ನಿಂತೇ ಹೇಳಬೇಕಾದ ಮಾತು

ಟಕ್, ಟಕ್, ಟಕ್. ಮೈಕಿನ ಜಾಲರಿಯ ಮೇಲೆ ಉಗುರಿನಿಂದ ಮೂರು ಸಲ. ಆಮೇಲೆ ಒಂದು ಉಸಿರು, ಕೀಬೋರ್ಡಿನ ಏಳು ಸ್ವರ, ಆಮೇಲೆ ಅವರ ದನಿ. ಬಲಗೈ ತೋರುಬೆರಳಿನ ಉಗುರೊಂದನ್ನು ಅವರು ಇದಕ್ಕಾಗಿಯೇ ಉದ್ದ ಬಿಟ್ಟಿದ್ದರು. ಬೇರೆಯವರ ಹಾಗೆ ಹಲೋ, ಮೈಕ್ ಟೆಸ್ಟಿಂಗ್ ಎನ್ನುವವರಲ್ಲ. “ಬಾಯಿ ಬುಟ್ರೆ ಅದು ಮಾತಾಗಿರ್ಬೇಕು ಮೇಡಮ್ಮೋರೆ, ಟೆಸ್ಟಿಂಗ್ ಆಗಿರ್ಬಾರ್ದು” ಎನ್ನುತ್ತಿದ್ದರು.

ಪಾಂಡವಪುರಕ್ಕೆಲ್ಲ ಅವರು ಮೈಕ್‌ಸೆಟ್ಟಿನವರು. ಬಸ್ ಸ್ಟ್ಯಾಂಡಿನ ಹಿಂದೆ ಒಂದು ಅಂಗಡಿ, ತಲೆಯ ಮೇಲೆ ಎರಡು ಹಾರ್ನು ಕಟ್ಟಿದ ಆಟೋ, ಅಂಗಡಿಯ ಒಳಗೆ ಗೋಡೆಗೆಲ್ಲ ಕಂಬಳಿ ಹೊಡೆದ ಒಂದು ಪುಟ್ಟ ಕೋಣೆ. ಸೀರೆ ಅಂಗಡಿಯ ರಿಯಾಯಿತಿ, ನಲ್ಲಿಯಲ್ಲಿ ನೀರು ಬಾರದ ದಿನ, ಯಾರೋ ತೀರಿಕೊಂಡ ಸುದ್ದಿ, ಎಲೆಕ್ಷನ್ ಬಂದರೆ ಎಲ್ಲ ಪಾರ್ಟಿಗಳ ಭರವಸೆ, ಎಲ್ಲವೂ ಆ ಕೋಣೆಯಲ್ಲೇ ರೆಕಾರ್ಡ್ ಆಗುತ್ತಿದ್ದವು. ಬಾಯಲ್ಲಿ ಒಂದು ಲವಂಗ. ಬಾಗಿಲು ಮುಚ್ಚಿದೆ, ನೋಡುವವರು ಯಾರೂ ಇಲ್ಲ, ಆದರೂ ಕೂರುತ್ತಿರಲಿಲ್ಲ. ಒಮ್ಮೆ ಕೇಳಿದೆ. “ಕೂತ್ಕಂಡು ಯೋಳುದ್ರೆ ಜನವೂ ಕೂತ್ಕಂಡೇ ಕೇಳ್ತಾರೆ. ನಿಂತ್ಕಂಡು ಯೋಳುದ್ರೆ ಎದ್ದು ಬತ್ತಾರೆ” ಎಂದರು.

ನಾನು ಆಗ ಊರಿನ ಒಂದು ಚಿಕ್ಕ ಇಂಗ್ಲಿಷ್ ಮೀಡಿಯಂ ಶಾಲೆಯ ಹೆಡ್‌ಮಿಸ್ಟ್ರೆಸ್. ಮೈಸೂರಿನ ಕಾನ್ವೆಂಟಿನಲ್ಲಿ ಸಿಸ್ಟರುಗಳ ಕೈಕೆಳಗೆ ಪಿಯಾನೋ ಕಲಿತವಳು. ಸ್ಕೂಲ್ ಡೇಗೆ ಮೈಕ್‌ಸೆಟ್ಟು ತಂದಾಗ ಅವರು ಹೊಸದಾಗಿ ಕೊಂಡ ಕೀಬೋರ್ಡನ್ನೂ ತಂದಿದ್ದರು. “ನೋಡಿ, ನಿಮ್ ಪಿಯಾನೋನೂ ಇದ್ರೊಳ್ಗೇ ಅದೆ. ಪಿಟೀಲೂ ಅದೆ, ತಬಲಾನೂ ಅದೆ. ಒಂದ್ ಗುಂಡಿ ಒತ್ತುದ್ರೆ ಸಾಕು.” ಒತ್ತಿ ತೋರಿಸಿದರು. ಟು ಬಿ ಫ್ರ್ಯಾಂಕ್, ನನಗೆ ಮೈ ಉರಿಯಿತು. ಪಿಟೀಲಿಗೆ ಕಮಾನಿನ ತೂಕವಿಲ್ಲ, ತಬಲಾಗೆ ಚರ್ಮವಿಲ್ಲ. ಬೆರಳು ಮೆಲ್ಲಗೆ ಇಟ್ಟರೂ ಜೋರಾಗಿ ಇಟ್ಟರೂ ಅದೇ ಸದ್ದು. ಇದು ಮ್ಯೂಸಿಕ್ ಅಲ್ಲಪ್ಪ, ಪ್ಲಾಸ್ಟಿಕ್ಕು ಎಂದುಬಿಟ್ಟೆ. ಅವರು ಬೇಸರ ಮಾಡಿಕೊಳ್ಳಲಿಲ್ಲ. “ಅಂಗಾದ್ರೆ ನೀವೇ ಒಂಚೂರು ಬಾರ್ಸಿ. ಪ್ಲಾಸ್ಟಿಕ್ ಕೊಡ್ದಲ್ಲಿ ಒಳ್ಳೆ ನೀರು ತುಂಬ್ಬಾರ್ದಾ?”

ಮಕ್ಕಳಿಗೆ ಪೋಲಿಯೊ ಹನಿ ಹಾಕಿಸುವ ಅನೌನ್ಸ್‌ಮೆಂಟ್ ಅವರ ಕೈಯಲ್ಲಿತ್ತು. ಅದಕ್ಕೆಂದು ಗಂಟೆಯ ಸದ್ದಿನ ಗುಂಡಿ ಒತ್ತಿ ಏಳು ಸ್ವರದ ಒಂದು ಟ್ಯೂನ್ ಬಾರಿಸಿದೆ. ಎರಡು ನಿಮಿಷದ ಕೆಲಸ. ಮುಂದಿನ ಭಾನುವಾರ ಆ ಟ್ಯೂನ್ ನಮ್ಮ ಬೀದಿಗೆ ಬಂದಾಗ ತಾಯಂದಿರು ಕೂಸುಗಳನ್ನು ಸೊಂಟದ ಮೇಲೆ ಕೂರಿಸಿಕೊಂಡು ಬಾಗಿಲಿಗೆ ಬಂದರು. ಐ ವಾಸ್ ಪ್ರೌಡ್. ಪ್ಲಾಸ್ಟಿಕ್ಕಿನ ಮೇಲಿದ್ದ ನನ್ನ ಕೋಪ ಅಂದೇ ಇಳಿದುಹೋಯಿತು.

ಆಮೇಲೆ ಅವರು ಆ ಟ್ಯೂನನ್ನು ಬಿಡಲೇ ಇಲ್ಲ. ಶ್ರೀರಂಗಪಟ್ಟಣದ ಕಡೆಗೂ ಹೋಗುತ್ತಿದ್ದರು. ಕರಿಘಟ್ಟದ ಮೆಟ್ಟಿಲ ಮೇಲೆ ಉಸಿರು ಸುಧಾರಿಸಿಕೊಳ್ಳುತ್ತ ಕೂತಿದ್ದಾಗ ಕೆಳಗಿನ ರಸ್ತೆಯಿಂದ ನನ್ನದೇ ಏಳು ಸ್ವರ ಗಾಳಿಯಲ್ಲಿ ಹತ್ತಿ ಬಂದದ್ದಿದೆ. ಹಿಂದೆಯೇ “ಮರೆಯದಿರಿ, ಮರೆತು ನಿರಾಶರಾಗದಿರಿ” ಎಂಬ ಅವರ ದನಿ. ಆ ದನಿಯಲ್ಲಿ ಅಂಗಡಿಯವನ ಒತ್ತಾಯ ಇರಲಿಲ್ಲ. ಮನೆಯ ಹಿರಿಯಣ್ಣ ಬಂದು ಬುದ್ಧಿ ಹೇಳಿದ ಹಾಗಿತ್ತು.

ನಾನು ರಿಟೈರ್ ಆದ ಮೇಲೆ, ಹೊರಗಿನವನೊಬ್ಬ ಬಿಳಿ ಕಾರಿನಲ್ಲಿ ಬಂದು ಸಕ್ಕರೆ ಕಾಯಿಲೆಯ ಚೂರ್ಣವೊಂದಕ್ಕೆ ಪ್ರಚಾರ ಕೇಳಿದ. ಎರಡು ಚಮಚ ಚೂರ್ಣ, ಮಾತ್ರೆಗೆ ವಿದಾಯ. ಮಾತುಗಳನ್ನು ಜೋಡಿಸಿದವರು ಮೈಕ್‌ಸೆಟ್ಟಿನವರೇ. ಪಾಂಡವಪುರ, ನಾಗಮಂಗಲ, ಕೆ.ಆರ್. ಪೇಟೆ, ಸಂತೆ ಇದ್ದಲ್ಲೆಲ್ಲ ಆಟೋ ಓಡಿತು. ಬೆಳಗಿನಿಂದ ಸಂಜೆಯವರೆಗೆ ಆ ಹಾರ್ನಿನ ಕೆಳಗೆ ಕೂತು ಓಡಿಸುತ್ತಿದ್ದವರೂ ಅವರೇ. ಅವರಿಗೂ ಶುಗರ್ ಇತ್ತು. ಸರ್ಕಾರಿ ಆಸ್ಪತ್ರೆಯ ಮಾತ್ರೆಯನ್ನು ತಪ್ಪದೆ ನುಂಗುತ್ತಿದ್ದರು.

ಒಂದು ದಿನ ಕುಂಟುತ್ತ ನಮ್ಮ ಮನೆಗೆ ಬಂದರು. ಎಡಗಾಲಿನ ಹೆಬ್ಬೆರಳಿಗೆ ಬಟ್ಟೆ ಸುತ್ತಿತ್ತು, ಬಟ್ಟೆ ನೆನೆದಿತ್ತು. ವಾಸನೆಗೇ ನನಗೆ ಗೊತ್ತಾಯಿತು.

“ಮಾತ್ರೆ ತಗೋತಿದ್ದೀರಾ?”

“ಬುಟ್ಬುಟ್ಟೆ.”

“ಯಾವಾಗಿಂದ?”

“ಆ ಚೂರ್ಣ ತಿನ್ನಕೆ ಸುರು ಮಾಡ್ದಾಗ್ಲಿಂದ.”

ನನಗೆ ತಡೆಯಲಾಗಲಿಲ್ಲ. “ಅಲ್ರೀ, ಆ ಮಾತು ಬರೆದವರು ನೀವು. ಅದು ಸುಳ್ಳು ಅಂತ ನಿಮಗಿಂತ ಚೆನ್ನಾಗಿ ಯಾರಿಗೆ ಗೊತ್ತು? ಹೌ ಕುಡ್ ಯೂ?”

ಅವರು ಕಾಲಿನ ಕಡೆ ನೋಡುತ್ತ ಹೇಳಿದರು: “ಬರೀವಾಗ ಗೊತ್ತಿತ್ತು ಮೇಡಮ್ಮೋರೆ. ಯೋಳುವಾಗ್ಲೂ ಗೊತ್ತಿತ್ತು. ದಿನಾ ಕೇಳ್ತಾ ಕೇಳ್ತಾ ಗೊತ್ತಿದ್ದುದ್ದು ಎಲ್ಲೋ ಒಂಟೋಯ್ತು. ನಮ್ಮೂರ್ಗೆಲ್ಲಾ ನಂಬ್ಕೆ ಇರೋ ಗಂಟ್ಲು. ನಾನೂ ಊರ್ನೋನೇ ಅಲ್ವಾ?”

ಮಂಡ್ಯದ ಆಸ್ಪತ್ರೆಯಲ್ಲಿ ಎರಡು ಬೆರಳು ತೆಗೆದರು. ವಾಪಸ್ಸು ಬಂದವರು ಮೊದಲು ಮಾಡಿದ ಕೆಲಸವೆಂದರೆ ಕಾರಿನವನಿಗೆ ಫೋನ್: ನನ್ನ ದನಿ ನಿಲ್ಲಿಸು. ಅವನ ಹತ್ತಿರ ಪೆನ್‌ಡ್ರೈವ್ ಇತ್ತು, ಬೇರೆ ಬೇರೆ ತಾಲ್ಲೂಕಿಗೆ ಬೇರೆ ಬೇರೆ ಆಟೋ ಗೊತ್ತುಮಾಡಿ ಆಗಿತ್ತು. ನಂಬರ್ ಬ್ಲಾಕ್ ಮಾಡಿದ. ಇವರು ಊರುಗೋಲು ಹಿಡಿದು ಕಂಬಳಿಯ ಕೋಣೆಗೆ ಹೋಗಿ, ನಿಂತುಕೊಂಡೇ, ಆ ಚೂರ್ಣ ತಿನ್ನಬೇಡಿ, ನನ್ನ ಕಾಲು ನೋಡಿ ಎಂದು ಹೊಸದಾಗಿ ರೆಕಾರ್ಡ್ ಮಾಡಿದರು. ಮುಂದೆ ಅದೇ ಏಳು ಸ್ವರ ಅಂಟಿಸಿದರು. ಟ್ಯೂನ್ ಇಲ್ಲದೆ ಯಾರು ಕಿವಿ ಕೊಡುತ್ತಾರೆ ಎಂಬುದು ಅವರ ಲೆಕ್ಕ.

ಸಂತೆಯ ದಿನ ಕೆ.ಆರ್. ಪೇಟೆಗೆ ಹೋಗಿ ಬಂದು ನಮ್ಮ ಜಗುಲಿಯ ಮೇಲೆ ಕೂತರು. ಮುಖ ಬೂದಿ ಬಣ್ಣಕ್ಕೆ ತಿರುಗಿತ್ತು.

“ಏನಾಯ್ತು?”

“ಟ್ಯೂನ್ ಕೇಳ್ತಿದ್ದಂಗೇ ಜನ ಬಂದ್ರು. ಆಟೋ ಸುತ್ತ ನಿಂತ್ಕಂಡ್ರು. ಒಬ್ಳು ಮುದ್ಕಿ ಸೆರಗಿನ್ ಗಂಟು ಬಿಚ್ಕಂಡು, ಎರಡ್ ಡಬ್ಬ ಕೊಡಪ್ಪ, ಇದೇ ಅಲ್ವಾ ಸಕ್ರೆ ಕಾಯ್ಲೆದು ಅಂದ್ಲು. ತಿನ್ಬ್ಯಾಡ ಕಣವ್ವ, ಅದ್ನೇ ಯೋಳ್ತಾವ್ನಿ ಅಂದೆ. ಪಕ್ಕದೋನು, ಏ, ಮಾಲು ಮುಗ್ದೋಗಿರ್ಬೇಕು ಕಣಜ್ಜಿ, ಅದ್ಕೇ ಇಂಗಂತಾವ್ನೆ, ಬಾ, ಮೆಡಿಕಲ್ ಸ್ಟೋರಲ್ ಸಿಕ್ತದೆ ಅಂತ ಕರ್ಕಂಡೋದ.” ಊರುಗೋಲನ್ನು ಪಕ್ಕಕ್ಕೆ ಇಟ್ಟರು. “ನಾನೇನ್ ಯೋಳ್ತಾವ್ನಿ ಅಂತ ಯಾರೂ ಕೇಳ್ನಿಲ್ಲ. ನಾನ್ ಯೋಳ್ತಾವ್ನಿ ಅನ್ನೋದಷ್ಟೇ ಕೇಳುದ್ರು.”

ಆಮೇಲೆ ಅವರು ಕೇಳಿದ್ದು ಒಂದೇ. ಟ್ಯೂನ್ ಬೇಡ, ಅವರ ದನಿ ಬೇಡ. ನಾನು ಹೇಳಬೇಕು.

“ನಾನಾ? ನನ್ನ ಕನ್ನಡ ಕೇಳಿ ಜನ ನಗ್ತಾರೆ.”

“ನಗ್ಲಿ. ನೀವ್ ಯೋಳುದ್ರೆ ಯಾರೂ ಏನೂ ಕೊಂಡ್ಕಳಲ್ಲ ಮೇಡಮ್ಮೋರೆ. ಅದ್ಕೇ ನೀವೇ ಯೋಳ್ಬೇಕು.”

ನೋಡೋಣ ಎಂದೆ. ಹೆಡ್‌ಮಿಸ್ಟ್ರೆಸ್ ಆಗಿದ್ದವಳು ಆಟೋದ ಹಾರ್ನಿನಲ್ಲಿ ಕೂಗುವುದೇ ಎಂಬ ಸಂಕೋಚ. ನನ್ನ ಹಳೆಯ ಸ್ಟೂಡೆಂಟ್ಸ್ ಏನೆಂದುಕೊಳ್ಳುತ್ತಾರೋ ಎಂಬ ಫಾಲ್ಸ್ ಪ್ರೆಸ್ಟೀಜ್. ಮೂರು ವಾರ ಆ ‘ನೋಡೋಣ’ದಲ್ಲೇ ಕಳೆದವು. ಅಷ್ಟರಲ್ಲಿ ಅವರ ಎಡಗಾಲನ್ನು ಮೊಣಕಾಲಿನವರೆಗೆ ತೆಗೆದಿದ್ದರು.

ಅವರು ಹೋಗಿ ಈಗ ಒಂದು ವರ್ಷದ ಮೇಲಾಯಿತು. ಹೋದ ತಿಂಗಳು ನಾಗಮಂಗಲದ ಬಸ್ ಸ್ಟ್ಯಾಂಡಿನಲ್ಲಿ ಕೂತಿದ್ದೆ. ಟಕ್, ಟಕ್, ಟಕ್; ನನ್ನ ಏಳು ಸ್ವರ; ಎರಡು ಚಮಚ ಚೂರ್ಣ. ಪಕ್ಕದಲ್ಲಿದ್ದ ಹೆಂಗಸು ತನ್ನ ಗಂಡನಿಗೆ, “ಏನ್ ಚೆನ್ನಾಗ್ ಯೋಳ್ತಾನೆ ನೋಡಿ” ಎಂದಳು. ನಾನು ಅವಳಿಗೆ ಹೇಳಿದೆ, ಅಮ್ಮಾ, ಹೇಳಿದವರು ಅದನ್ನೇ ತಿಂದು ತೀರಿಕೊಂಡರು ಎಂದು. ನನ್ನನ್ನು ಮೇಲಿಂದ ಕೆಳಕ್ಕೆ ನೋಡಿ, ಗಂಡನ ತೋಳು ಹಿಡಿದುಕೊಂಡು ಆಚೆ ಬೆಂಚಿಗೆ ಹೋಗಿ ಕೂತಳು.

ಕೊನೆಯ ಸಲ ಅವರನ್ನು ನೋಡಿದ್ದು ಅವರ ಮನೆಯಲ್ಲಿ. ಕಿಟಕಿಯ ಪಕ್ಕ ಕಬ್ಬಿಣದ ಮಂಚ, ಕಂಬಳಿ ಒಂದು ಕಡೆ ಚಪ್ಪಟೆಯಾಗಿತ್ತು. ಅವರ ಹೆಂಡತಿ ಕುರ್ಚಿ ಹಾಕಿ, “ಬೆಳಗ್ಗಿಂದ ಮಾತಾಡಿಲ್ಲ, ಅಮ್ಮಾರೆ. ನೀವಾದ್ರೂ ಮಾತಾಡ್ಸಿ” ಎಂದು ಒಳಗೆ ಹೋದರು. ನಾನು ಕೊನೆಗೂ ಒಪ್ಪಿ ಬರೆದುಕೊಂಡು ಹೋಗಿದ್ದ ಕಾಗದ ತೆಗೆದು ಓದಿದೆ. ಕಣ್ಣು ಮುಚ್ಚಿ ಕೇಳಿದರು.

“‘ಸೇವಿಸಬಾರದು’ ಬ್ಯಾಡಿ. ‘ತಿನ್ಬೇಡಿ’ ಅನ್ನಿ. ‘ವೈದ್ಯರ ಸಲಹೆ’ನೂ ಬ್ಯಾಡಿ. ‘ಡಾಕ್ಟ್ರ ಕೇಳಿ’ ಅನ್ನಿ.” ದನಿ ಇಷ್ಟೇ ಇಷ್ಟಾಗಿತ್ತು. “ಎದ್ ನಿಂತ್ಕಳಿ.”

ಎದ್ದು ನಿಂತೆ. ಅವರು ನನ್ನ ಫೋನ್ ಎದೆಯ ಮೇಲೆ ಇಟ್ಟುಕೊಂಡು ರೆಕಾರ್ಡ್ ಒತ್ತಿದರು, ಮಂಚದ ಕಂಬಿಯ ಮೇಲೆ ಉಗುರಿನಿಂದ ಮೂರು ಸಲ ಬಡಿದರು. ನಾನು ಶುರು ಮಾಡಿದೆ. ಎರಡನೇ ಸಾಲಿಗೆ ಬೀದಿಯ ಆ ತುದಿಯಿಂದ ಅದೇ ಏಳು ಸ್ವರ ಬಂತು. ಆಮೇಲೆ ಅವರದೇ ದನಿ, ಹಿಂದಿನ ದನಿ, ಗಟ್ಟಿಮುಟ್ಟಾಗಿ ಎರಡು ಕಾಲಿನ ಮೇಲೆ ನಿಂತಿದ್ದ ದನಿ. ನಾನು ಎಷ್ಟು ಜೋರು ಮಾಡಿದರೂ ಅದರ ಮುಂದೆ ಕೇಳಿಸಲಿಲ್ಲ. ಕಾರಿನವನು ಗೊತ್ತುಮಾಡಿದ ಆಟೋ ಕಿಟಕಿಯ ಕೆಳಗೇ ನಿಧಾನಕ್ಕೆ ಹೋಯಿತು.

“ಕಿಟ್ಕಿ ಮುಚ್ಲಾ?” ಹೆಂಡತಿ ಬಾಗಿಲಿಗೆ ಬಂದು ಕೇಳಿದರು.

“ಬ್ಯಾಡ ಬುಡು.” ತಲೆ ಸ್ವಲ್ಪ ಎತ್ತಿ ಆಲಿಸಿದರು. “ವಾಲ್ಯೂಮ್ ಜಾಸ್ತಿ ಮಡಗವ್ನೆ, ಹಾರ್ನ್ ಒಡ್ದೋಯ್ತದೆ.” ಆಮೇಲೆ ನನಗೆ, “ನಾಳಿಕ್ ಮಾಡಾಣ ಮೇಡಮ್ಮೋರೆ. ಅವ್ನು ಆ ಕಡೆ ಬೀದಿಗೋದಾಗ.”

ಕಾಗದ ಮಡಿಸಿ ಬ್ಯಾಗಿಗೆ ಹಾಕಿಕೊಂಡೆ. ಬಾಗಿಲಲ್ಲಿ ತಿರುಗಿ ನೋಡಿದಾಗ ಅವರು ಗೋಡೆಯ ಕಡೆ ಹೊರಳಿದ್ದರು. ಬೀದಿಯ ತಿರುವಿನಲ್ಲಿ ಅವರ ದನಿ ಮರೆಯದಿರಿ ಎನ್ನುತ್ತಿತ್ತು. ಕಂಬಿಯ ಮೇಲಿದ್ದ ಉಗುರು ಒಂದೊಂದು ಮಾತಿಗೂ ತಾಳ ಹಾಕುತ್ತಿತ್ತು.