ಸನೋಬರ್ ಕ್ಯಾಮೆರಾದ ಸಡಿಲ ರಬ್ಬರು

ನಿಟ್ಟುವಳ್ಳಿಯ ನಮ್ಮ ಓಣಿಯಲ್ಲಿ ಫೋಟೋ ತೆಗೆಯುವ ಸನೋಬರ್ ಗೊತ್ತಿಲ್ಲದವರು ಕಡಿಮೆ. ಗಂಡ ಆಸಿಮ್‌ನದು ಬೈಕುಗಳಿಗೆ ಸೀಟ್ ಕವರ್ ಹೊಲಿಯುವ ಅಂಗಡಿ. ಇವಳು ಮೊದಲು ಒಂದು ಸ್ಟುಡಿಯೋದಲ್ಲಿ ಕೂತು ಪಾಸ್‌ಪೋರ್ಟ್ ಫೋಟೋ ಕತ್ತರಿಸುತ್ತಿದ್ದಳು. ಅಲ್ಲಿಗೆ ಬಂದ ಹೆಂಗಸರೇ, "ನಮ್ಮ ಮದುವೆಗಳಾಗ ಹೆಣ್ಣುಮಕ್ಕಳ ಕೋಣೆಗೆ ಗಂಡಸು ಫೋಟೋದವ್ನು ಬರಂಗಿಲ್ಲ, ನೀನ್ಯಾಕ ತೆಗೀಬಾರ್ದು?" ಎಂದು ಕೇಳಿ ಕೇಳಿ ಅವಳ ಕೈಗೆ ಕ್ಯಾಮೆರಾ ಹಿಡಿಸಿದರು.

ನಾನು ಪಕ್ಕದ ಮನೆಯವಳು. ಬೇರೆ ಊರಿಗೆ ಹೋಗುವಾಗ ಜೊತೆಗೆ ಕರೆಯುತ್ತಾಳೆ. ಮದುಮಗಳ ಮುಖಕ್ಕೆ ಬೆಳಕು ಬೀಳುವಂತೆ ಬಿಳಿ ಥರ್ಮಾಕೋಲ್ ಹಲಗೆ ಹಿಡಿದು ನಿಲ್ಲುವುದು ನನ್ನ ಕೆಲಸ. ಬಾಯಿಗೆ ಕೆಲಸವಿಲ್ಲ, ಕಿವಿಗೆ ಬೇಕಾದಷ್ಟಿರುತ್ತದೆ.

ಹೆಂಗಸರ ಕೋಣೆಗೆ ಕಾಲಿಟ್ಟ ಕೂಡಲೇ ಸನೋಬರ್ ಕ್ಯಾಮೆರಾದ ಹಿಂದಿನ ಸ್ಕ್ರೀನನ್ನು ಒಳಮುಖವಾಗಿ ಮಡಚಿಬಿಡುತ್ತಾಳೆ. ಅದು ತೆರೆದಿದ್ದರೆ ಹಿಂದೆ ನಿಂತವರೆಲ್ಲ ಇಣುಕುತ್ತಾರೆ. ಯಾರಾದರೊಬ್ಬರು ಮೊಬೈಲಿನಲ್ಲಿ ಅದನ್ನೇ ಫೋಟೋ ಹೊಡೆದು ಊರಿಗೆಲ್ಲ ಕಳಿಸುತ್ತಾರೆ. ಆದ್ದರಿಂದ ಇವಳು ಸ್ಕ್ರೀನಿನ ಮೇಲಿರುವ ಪುಟ್ಟ ಕಿಂಡಿಗೆ ಕಣ್ಣಿಟ್ಟೇ ತೆಗೆಯುವುದು. ಆ ನಂಬಿಕೆಯ ಮೇಲೆಯೇ ಮನೆಗಳ ಬಾಗಿಲು ಅವಳಿಗೆ ತೆರೆಯುತ್ತವೆ.

ಆ ಕಿಂಡಿಯ ಸುತ್ತ ಕಪ್ಪು ರಬ್ಬರಿನ ಒಂದು ಬಳೆ ಇರುತ್ತದೆ. ಐಕಪ್ ಅನ್ನುತ್ತಾರೆ. ಕಣ್ಣಿಗೆ ಒತ್ತಿ ಹಿಡಿದರೆ ಪಕ್ಕದ ಬೆಳಕು ಒಳಗೆ ನುಗ್ಗುವುದಿಲ್ಲ. ಸನೋಬರ್ ಕ್ಯಾಮೆರಾದ್ದು ಒಂದು ಕಡೆ ಹರಿದು ಸಡಿಲಾಗಿತ್ತು. ಎಲ್ಲೆಂದರಲ್ಲಿ ಉದುರುತ್ತಿತ್ತು. ಆನೆಕೊಂಡದ ಒಂದು ಮನೆಯಲ್ಲಿ ಹಾಲು, ಶ್ಯಾವಿಗೆ, ಖರ್ಜೂರದ ಶೀರ್‌ಕುರ್ಮಾ ಪಾತ್ರೆಗೇ ಬಿತ್ತು. ಬಡಿಸುವವರು ಖರ್ಜೂರವಿರಬೇಕೆಂದು ಬೀಗಿತ್ತಿಯ ಬಟ್ಟಲಿಗೆ ಹಾಕಿದರು. ಆಕೆ ಪಾಪ, ಅಗಿದು ಅಗಿದು ನೋಡಿ, "ಖಜೂರ್ ಇನ್ನೂ ಬೆಂದಿಲ್ಲ" ಅಂದಳು.

ಹೀಗಿರುವಾಗ ಹರಿಹರದಿಂದ ಕರೆ ಬಂತು. ಅಲ್ಲಿ ಇಮಾಂಬೀ ಎಂಬ ಹಿರಿಯಾಕೆಯ ಮೊಮ್ಮಗಳು ರುಕ್ಸಾನಾಳಿಗೆ ಅರಿಶಿನ ಹಚ್ಚುವ ಶಾಸ್ತ್ರ, ಹಲ್ದಿ. ಹಲ್ದಿಗೆ ಕೂತ ಹುಡುಗಿಯನ್ನು ನಿಕಾ ಆಗುವವರೆಗೆ ಹೊರಗಿನವರು ನೋಡುವಂತಿಲ್ಲ; ಫೋಟೋ ಬೇಡವೇ ಬೇಡ ಎಂದು ಅಜ್ಜಿಯ ಹಟ. "ನಿಕಾ ದಿನ ಮುಖಕ್ಕೆ ಬಣ್ಣ ಬಳೀತಾರೆ ದಾದಿ. ನಾನು ನನ್ನಂಗೇ ಕಾಣೋದು ಇವತ್ತೊಂದೇ ದಿನ" ಎಂದು ಹುಡುಗಿ ಗೋಗರೆದ ಮೇಲೆ ಒಪ್ಪಿದ್ದಳಂತೆ. ಆದರೆ ಸ್ಕ್ರೀನ್ ತೆರೆದದ್ದು ಕಂಡರೆ ಫೋಟೋದವಳು ಅದೇ ಗಳಿಗೆಯಲ್ಲಿ ಎದ್ದು ನಡೆಯಬೇಕು ಎಂಬ ಕರಾರು. ಇಮಾಂಬೀ ಎಬ್ಬಿಸಿ ಕಳಿಸಿದವಳನ್ನು ಹರಿಹರದಲ್ಲಿ ಇನ್ಯಾವ ಮನೆಯವರೂ ಕರೆಯುವುದಿಲ್ಲ. ಸನೋಬರಳಿಗೆ ಅದೇ ಭಯ.

"ಹೊಸದು ಬರೋಕೆ ಸೋಮವಾರ ಆಗುತ್ತಂತೆ ನೀಲಕ್ಕ. ಹರಿಹರ ನೋಡಿದ್ರೆ ನಾಳೆ" ಎಂದು ಹಿಂದಿನ ದಿನ ಸಂಜೆ ನನ್ನೆದುರು ರಬ್ಬರನ್ನು ಅಂಗೈಯಲ್ಲಿಟ್ಟುಕೊಂಡು ಕೂತಿದ್ದಳು.

ಆಸಿಮ್ ಅಂಗಡಿಯಿಂದ ಬಂದವನು, "ಬುಲೆಟ್ ಸೀಟೇ ಅಲ್ಲಾಡದಂಗೆ ಕೂರಿಸ್ತೀನಿ, ಈ ವಾಷರ್ ಯಾವ ಲೆಕ್ಕ?" ಅಂದ.

"ವಾಷರ್ ಅಲ್ರೀ, ಐಕಪ್."

"ಕಪ್ಪೋ ಸಾಸರ್ರೋ, ಕೊಡು ಇಲ್ಲಿ."

ಸೀಟಿಗೆ ಹಾಕುವ ಫೋಮನ್ನು ದುಂಡಗೆ ಕತ್ತರಿಸಿದ. ಫೋಮಿಗೂ ರಬ್ಬರಿಗೂ ಸೊಲ್ಯೂಷನ್ ಅಂಟು ಬಳಿದ. ಮೇಲೊಂದು ರೆಕ್ಸಿನ್ ಪಟ್ಟಿ ಸುತ್ತಿ ಕಿಂಡಿಗೆ ಒತ್ತಿ ಕೂರಿಸಿದ. ಸನೋಬರ್ ಎಳೆದು ನೋಡಿದಳು. ಜಗ್ಗಲಿಲ್ಲ. "ಮಾವನ ಮನೆ ಸೋಫಾದಂಗೈತೆ" ಎಂದು ಅವನೇ ಹೊಗಳಿಕೊಂಡ. ವಾಸನೆಯ ವಿಚಾರ ಮಾತ್ರ ಯಾರ ತಲೆಗೂ ಹೊಳೆಯಲಿಲ್ಲ. ಆ ಮನೆಯಲ್ಲಿ ಸೊಲ್ಯೂಷನ್ ವಾಸನೆ ಎಂದರೆ ನಮ್ಮಲ್ಲಿ ಒಗ್ಗರಣೆ ವಾಸನೆ ಇದ್ದ ಹಾಗೆ. ಗೋಡೆಗೂ ಮೂಗಿಗೂ ಅಭ್ಯಾಸವಾಗಿಬಿಟ್ಟಿದೆ. ರಾತ್ರಿಯೆಲ್ಲ ಕ್ಯಾಮೆರಾ ಬ್ಯಾಗಿನೊಳಗೆ ಬಿಗಿಯಾಗಿ ಮುಚ್ಚಿಕೊಂಡು ಮಲಗಿತ್ತು.

ಮರುದಿನ ಮಧ್ಯಾಹ್ನ ಹರಿಹರ. ರುಕ್ಸಾನಾ ಹಳದಿ ಬಟ್ಟೆ ಉಟ್ಟು ಮಣೆಯ ಮೇಲೆ ಕೂತಿದ್ದಳು. ಸುತ್ತ ಹೆಂಗಸರು ಡೋಲಕ್ ಬಡಿಯುತ್ತ ಹಾಡುತ್ತಿದ್ದರು. ಇಮಾಂಬೀ ಎಲೆ ಅಡಿಕೆ ಮೆಲ್ಲುತ್ತ, ಕ್ಯಾಮೆರಾದ ಮೇಲೆ ಒಂದು ಕಣ್ಣಿಟ್ಟೇ ಇದ್ದಳು. ಸನೋಬರ್ ಸ್ಕ್ರೀನ್ ಮಡಚಿ, ಕಿಂಡಿಗೆ ಕಣ್ಣೊತ್ತಿದಳು. ಒಂದು ತೆಗೆದಳು, ಎರಡು ತೆಗೆದಳು. ಆಮೇಲೆ ಕಣ್ಣಲ್ಲಿ ನೀರು ಇಳಿಯತೊಡಗಿತು. ಒರೆಸಿಕೊಂಡು ಮತ್ತೆ ಕಣ್ಣಿಟ್ಟರೆ ಮತ್ತಷ್ಟು.

"ಅಯ್ಯೋ, ಫೋಟೋದಾಕಿಗೇ ಅಳು ಬಂತಲ್ಲೇ!" ಎಂದು ಹುಡುಗಿಯ ಸೋದರತ್ತೆಯೊಬ್ಬಳು ಸೆರಗು ಬಾಯಿಗಿಟ್ಟಳು. ಅವಳನ್ನು ನೋಡಿ ಪಕ್ಕದವಳು. ಡೋಲಕ್ ನಿಂತಿತು. ಅಳುವುದಕ್ಕೆ ಯಾರಾದರೂ ಮೊದಲು ಮಾಡಲಿ ಎಂದೇ ಕಾದಿದ್ದರೇನೋ, ಕೋಣೆಯಲ್ಲೆಲ್ಲ ಗೊಳೋ ಎಂದಾಯಿತು. ರುಕ್ಸಾನಾಳ ಕೆನ್ನೆಯ ಅರಿಶಿನ ಗೆರೆ ಗೆರೆಯಾಗಿ ಇಳಿಯಿತು.

ಇಮಾಂಬೀ ಮಾತ್ರ ಅಳಲಿಲ್ಲ. "ಯಾಕ್ ಬೇಟಿ, ನಮ್ ಹುಡುಗಿ ಮ್ಯಾಲೆ ನಿಂಗೆ ಇಷ್ಟು ಮಮತೆ ಯಾವಾಗ ಬಂತು?"

"ಮಮತೆ ಅಲ್ಲ ದಾದಿಮಾ, ಸೊಲ್ಯೂಷನ್" ಅಂದಳು ಸನೋಬರ್, ಮೂಗೆಳೆಯುತ್ತ. ಗಂಡನ ಕಸುಬುದಾರಿಕೆಯನ್ನೆಲ್ಲ ಬಿಚ್ಚಿ ಹೇಳಿದಳು.

ಇಮಾಂಬೀ ಕ್ಯಾಮೆರಾ ಹತ್ತಿರ ಮೂಗು ತಂದು, "ತೌಬಾ! ಪಂಕ್ಚರ್ ಅಂಗಡಿ ನಾತ" ಎಂದು ಹಿಂದೆ ಸರಿದಳು. ಅತ್ತವರೆಲ್ಲ ಈಗ ನಕ್ಕರು. ಸುಮ್ಮನೆ ಅತ್ತೆವಲ್ಲ ಎಂದು ಆ ಅತ್ತೆಗೆ ಸ್ವಲ್ಪ ಸಿಟ್ಟೂ ಬಂತು.

ಸನೋಬರ್ ಅದನ್ನು ಕಿತ್ತಳು. ಸೊಲ್ಯೂಷನ್ ನೂಲು ನೂಲಾಗಿ ಎದ್ದು, ಫೋಮು, ರೆಕ್ಸಿನ್ನು, ರಬ್ಬರು ಎಲ್ಲ ಒಟ್ಟಿಗೆ ಬಂದವು. ಬೋಳು ಕಿಂಡಿಗೆ ಕಣ್ಣಿಟ್ಟರೆ ಹಿಂದಿನ ಕಿಟಕಿಯ ಬಿಸಿಲು ನುಗ್ಗಿ ಒಳಗೆ ಬರೀ ಬೆಳ್ಳಗೆ. ಕಿಟಕಿ ಮುಚ್ಚಿದರೆ ಕೋಣೆಯೇ ಕತ್ತಲು.

"ಅಕ್ಕ, ಒಂದೇ ಸಲ ಸ್ಕ್ರೀನ್ ತೆಗೀರಿ. ಹಿಂಗಾದ್ರೆ ನಂದು ಒಂದೂ ಫೋಟೋ ಬರಂಗಿಲ್ಲ" ಅಂದಳು ರುಕ್ಸಾನಾ.

ಇಮಾಂಬೀ ಮೆಲ್ಲುವುದನ್ನು ನಿಲ್ಲಿಸಿ ಕ್ಯಾಮೆರಾವನ್ನೇ ನೋಡಿದಳು. ಸನೋಬರಳ ಬೆರಳು ಸ್ಕ್ರೀನಿನ ಅಂಚಿಗೆ ಹೋಗಿ, ಅಲ್ಲೇ ಸ್ವಲ್ಪ ಹೊತ್ತಿದ್ದು, ವಾಪಸು ಬಂತು. ಸುತ್ತ ನೋಡಿದಳು. ಹೆಂಗಸರೆಲ್ಲ ಬಾಗಿಲ ಹಿಂದಿನ ಗೂಟಕ್ಕೆ ತಮ್ಮ ಬುರ್ಖಾ ಬಿಚ್ಚಿ ನೇತುಹಾಕಿದ್ದರು. ದಪ್ಪನೆಯದೊಂದನ್ನು ಎಳೆದು, ತನ್ನ ತಲೆಯನ್ನೂ ಕ್ಯಾಮೆರಾವನ್ನೂ ಸೇರಿಸಿ ಹೊದ್ದುಕೊಂಡಳು. ಲೆನ್ಸ್ ಒಂದೇ ಹೊರಗೆ.

"ಅರೆ, ಅದು ನಂದು!" ಅಂದಳು ಇಮಾಂಬೀ.

"ಚಲೋ ಐತೆ ದಾದಿಮಾ, ಒಳಗೆ ಒಂದು ಚೂರೂ ಬೆಳಕಿಲ್ಲ" ಎಂದು ಒಳಗಿನಿಂದ ಉತ್ತರ.

"ಒಳಗೆ ಸ್ಕ್ರೀನ್ ತೆಗೆದು ನೋಡ್ತಿಲ್ಲ ಅಂತ ನಂಗೆ ಹೆಂಗೆ ಗೊತ್ತಾಗ್ಬೇಕು?"

"ನೀವೇ ಒಳಗೆ ಬಂದು ನೋಡ್ರಿ."

ಇಮಾಂಬೀ ಮೊಣಕಾಲು ಹಿಡಿದುಕೊಂಡು ಎದ್ದಳು. ತನ್ನದೇ ಬುರ್ಖಾದೊಳಗೆ ಬಗ್ಗಿ ತಲೆ ತೂರಿಸಿದಳು. ಹೊರಗೆ ನಮಗೆ ಕಂಡದ್ದು ಎರಡು ತಲೆಯ ಒಂದು ಕರಿ ಗುಡ್ಡ.

"ಏನೂ ಕಾಣಂಗಿಲ್ಲ."

"ಇನ್ನೊಂದು ಕಣ್ಣು ಮುಚ್ರಿ."

ಗುಡ್ಡ ಅತ್ತಿತ್ತ ವಾಲಿ ನಿಂತಿತು. ಆಮೇಲೆ ಇಮಾಂಬೀ ದನಿ, ಮೊದಲಿಗಿಂತ ಸಣ್ಣಗೆ: "ರುಕ್ಸಾನಾ, ತಲೆ ಎತ್ತೇ. ಇನ್ನೂ ಎತ್ತು. ಹಾಂ. ಮೂಗು ಒರೆಸ್ಕೋ. ಬೇಟಿ, ಒತ್ತೋದು ಎಲ್ಲಿ?"

ಟಕ್ ಟಕ್ ಟಕ್ ಎಂದಿತು.

"ಬಂತಾ? ತೋರಿಸು."

"ಸ್ಕ್ರೀನ್ ತೆಗೀಬಾರ್ದು ಅಂದ್ರಲ್ಲ ದಾದಿಮಾ."

"ಇಲ್ಲಿ ಯಾರವ್ರೆ? ನಾವಿಬ್ರೇ. ತೆಗಿ."

ಒಳಗೆ ಸಣ್ಣ ಬೆಳಕು ಮೂಡಿದ್ದು ಬಟ್ಟೆಯ ಅಂಚಿನಲ್ಲಿ ಕಂಡಿತು.

"ಇದು ನಾನು ತೆಗೆದದ್ದಾ?"

"ನೀವೇ."

"ಹುಡುಗಿ ಡೊಂಕಾಗ್ಯಾಳೆ."

"ಸ್ವಲ್ಪ."

ಆ ಅತ್ತೆ, "ಅಮ್ಮಾ, ಬಿರ್ಯಾನಿ ಆರ್ತೈತೆ" ಎಂದು ಕೂಗಿದಳು.

"ಆರ್ಲಿ ಬಿಡೇ. ನಿಕಾ ದಿನಾನೂ ಈಕಿನೇ ಬರ್ಲಿ ಅಂತ ನಿನ್ನ ಗಂಡಗೆ ಹೇಳು, ಹೋಗು" ಎಂದಿತು ಗುಡ್ಡ. "ಬೇಟಿ, ಸ್ಕ್ರೀನ್ ಮುಚ್ಚು. ಈ ಸಲ ನೆಟ್ಟಗೆ ತೆಗೀತೀನಿ."