ಹಿಟ್ಟಿನ ಗಿರಣಿ ಮೇಲಿನ ಜಿಮ್

ಅದು 2006ರ ಬೇಸಿಗೆ. ಚಾಮರಾಜನಗರದಲ್ಲಿ ನಾವು ಬಾಡಿಗೆ ಮನೆಯಲ್ಲಿದ್ದೆವು. ಎರಡನೇ ಮಗು ಹುಟ್ಟಿದ ಮೇಲೆ ನನ್ನ ರವಿಕೆಗಳೆಲ್ಲ ತೋಳಿನ ಹತ್ತಿರ ಬಿಗಿಯಾಗಿದ್ದವು. ಭಾರ ಎತ್ತಿದರೆ ತೋಳು ಗಟ್ಟಿಯಾಗಿ ಆಕಾರಕ್ಕೆ ಬರುತ್ತದೆ, ಅದಕ್ಕೆ ಟೋನಿಂಗ್ ಎನ್ನುತ್ತಾರೆ ಎಂದು ಯಾವುದೋ ವಾರಪತ್ರಿಕೆಯಲ್ಲಿ ಓದಿದ್ದೆ. ನಮ್ಮ ಬೀದಿಯ ಹಿಟ್ಟಿನ ಗಿರಣಿಯ ಮೇಲಿದ್ದ ಜಿಮ್‌ನವರು ಅದೇ ಸಮಯಕ್ಕೆ ಬೆಳಿಗ್ಗೆ ಹನ್ನೊಂದು ಗಂಟೆಯ ಹೊತ್ತನ್ನು ಹೆಂಗಸರಿಗೆ ಮೀಸಲಿಟ್ಟರು.

ನಮ್ಮ ಯಜಮಾನರು ಒಪ್ಪಿದರು. ಜೊತೆಯಲ್ಲೇ ಇದ್ದ ಅತ್ತೆಗೆ ಹೇಳಲು ಮಾತ್ರ ಧೈರ್ಯ ಬರಲಿಲ್ಲ. ಅವರು ಹರವೆ ಕಡೆಯವರು, ಹೊಲದಲ್ಲಿ ದುಡಿದು ಬೆಳೆದವರು. "ವಾಕಿಂಗ್ ಹೋಗಿ ಬರ್ತೀನಿ" ಎಂದೆ. "ಈ ಉರಿಬಿಸ್ಲಲ್ಲಿ ಅದ್ಯಾವ ವಾಕಿಂಗಮ್ಮಿ" ಎಂದರು, ಮತ್ತೆ ಕೇಳಲಿಲ್ಲ.

ನಮಗೆ ಹೇಳಿಕೊಡುವವರು ಯಾರೂ ಇರಲಿಲ್ಲ. ಜಿಮ್ ಮಾಲೀಕರು ಬಾಗಿಲು ತೆಗೆದು, 'ಮಹಿಳೆಯರಿಗೆ ಮಾತ್ರ' ಎಂಬ ಬೋರ್ಡು ನೇತುಹಾಕಿ, ಕೆಳಗೆ ಗಿರಣಿಯಲ್ಲಿ ಪೇಪರ್ ಓದುತ್ತಾ ಕೂರುತ್ತಿದ್ದರು. ಗೋಡೆಯ ತುಂಬ ಚಡ್ಡಿ ಹಾಕಿಕೊಂಡು, ಮೈಗೆ ಎಣ್ಣೆ ಬಳಿದುಕೊಂಡ ಗಂಡಸರ ಪೋಸ್ಟರುಗಳು. ನಾನೂ ಪಕ್ಕದ ಮನೆಯ ರೇಖಾಳೂ ಅವನ್ನು ಓರೆಗಣ್ಣಲ್ಲಿ ನೋಡಿಯೇ ಕಲಿತೆವು. ಒಬ್ಬರು ಬೆಂಚಿನ ಮೇಲೆ ಮಲಗಿ ಕಂಬಿ ಎತ್ತುವಾಗ ಇನ್ನೊಬ್ಬರು ತಲೆಯ ಹತ್ತಿರ ನಿಂತು ಹಿಡಿಯುತ್ತಿದ್ದೆವು.

ಒಂದು ದಿನ ರೇಖಾ ಪುಣಜನೂರಿನ ತವರಿಗೆ ಹೋಗಿದ್ದಳು. ಒಬ್ಬಳೇ ಇದ್ದೆನಲ್ಲ, ಉಮೇದು ಬಂತು. ಬರೀ ಕಂಬಿ ಎತ್ತುತ್ತಿದ್ದವಳು ಎರಡೂ ಕಡೆ ಒಂದೊಂದು ಭಾರದ ಬಿಲ್ಲೆ ಸಿಕ್ಕಿಸಿ, ಜಾರದಂತೆ ಕ್ಲಿಪ್ಪು ಬೇರೆ ಬಿಗಿದೆ. ಮೊದಲು ಚೆನ್ನಾಗಿಯೇ ಎದ್ದಿತು. ಆಮೇಲೆ ಕೆಳಗೆ ಇಳಿದದ್ದು ಎದೆಯ ಮೇಲೆ ಕೂತುಬಿಟ್ಟಿತು. ತಳ್ಳಿದರೆ ಅಲುಗಲಿಲ್ಲ. ಉಸಿರಾಡುವುದೇ ಕಷ್ಟವಾಯಿತು. ಸಾಯುತ್ತೇನೆ ಅನ್ನಿಸಿದಾಗ ಮಕ್ಕಳ ನೆನಪಿಗಿಂತ ಮೊದಲು ಬಂದದ್ದು, ಮೈಮೇಲಿದ್ದ ಗಂಡನ ಹಳೇ ಟ್ರ್ಯಾಕ್ ಪ್ಯಾಂಟಿನ ನೆನಪು. ಇದರಲ್ಲೇ ಎಲ್ಲರೂ ನೋಡುತ್ತಾರಲ್ಲ ಎಂದು ಅಳು ಬಂತು. ಕೂಗಿದೆ. ಕೆಳಗೆ ಗಿರಣಿ ಗಡಗಡ ಎನ್ನುತ್ತಿತ್ತು, ನನ್ನ ದನಿ ನನಗೇ ಕೇಳಿಸಲಿಲ್ಲ.

ಅಷ್ಟರಲ್ಲಿ ಕರೆಂಟ್ ಹೋಗಿ ಗಿರಣಿ ನಿಂತಿತು. ಕರೆಂಟ್ ಹೋದದ್ದಕ್ಕೆ ಜೀವನದಲ್ಲಿ ಮೊದಲ ಸಲ ದೇವರಿಗೆ ಕೈಮುಗಿದೆ, ಮನಸ್ಸಿನಲ್ಲೇ. ಕೈ ಬಿಡುವಾಗಿರಲಿಲ್ಲ.

ನನ್ನ ಕೂಗು ಕೇಳಿ ಜಿಮ್ ಮಾಲೀಕರೂ ಗಿರಣಿಯವರೂ ಮೆಟ್ಟಿಲು ಹತ್ತಿ ಓಡಿಬಂದರು. ಬಂದವರು ಬೋರ್ಡಿನ ಹತ್ತಿರ ನಿಂತುಬಿಟ್ಟರು.

"ಒಳಕ್ಕೆ ಓಗ್ಬೇಡ ಕಣ್ಲಾ, ಎಂಗಸ್ರ ಟೇಮು. ನಾಳೆ ಯಾರಾರ ಏನಾರ ಅಂದ್ರ ನಿನ್ ಜಿಮ್ಮು ಮುಚ್ಬೇಕಾಯ್ತದ" ಎಂದರು ಗಿರಣಿಯವರು.

"ಅಂಗಂತ ಸಾಯಕ ಬುಟ್ಬುಡದಾ?" ಎಂದರು ಮಾಲೀಕರು.

"ಯಾರಾದ್ರೂ ಬನ್ರಪ್ಪಾ" ಎಂದು ನಾನು ಒಳಗಿನಿಂದ ನರಳಿದೆ.

ಗಿರಣಿಯವರು ಕೆಳಕ್ಕೆ ಬಗ್ಗಿ, "ಬೀಸಕ ಸಾಲಲ್ಲಿರೋ ಎಂಗಸ್ರು ಬಿರ್ನೆ ಬನ್ರವ್ವ" ಎಂದು ಕೂಗಿದರು. ದಡದಡ ಹೆಜ್ಜೆ ಸದ್ದು. ಎಲ್ಲರಿಗಿಂತ ಮುಂದೆ, ಸೆರಗು ಸೊಂಟಕ್ಕೆ ಸಿಕ್ಕಿಸಿ, ಮೊಣಕೈವರೆಗೂ ರಾಗಿಹಿಟ್ಟು ಮೆತ್ತಿಕೊಂಡು ಬಂದವರು ನಮ್ಮ ಅತ್ತೆ. ಅವತ್ತು ರಾಗಿ ಬೀಸಿಸಲು ಬಂದಿದ್ದರಂತೆ. ನನ್ನ ತಲೆಯ ಹತ್ತಿರ ನಿಂತು ಮೇಲಿನಿಂದ ನೋಡಿದರು.

"ಇದೇನಮ್ಮಿ, ವಾಕಿಂಗ ಮಲಿಕಂಡು ಮಾಡ್ತಿದ್ದೈ?"

ಉತ್ತರಕ್ಕೆ ಕಾಯದೆ ಕಂಬಿಯ ಒಂದು ತುದಿ ಹಿಡಿದರು, ಇನ್ನೊಬ್ಬಾಕೆ ಮತ್ತೊಂದು ತುದಿ. ಇಬ್ಬರೂ ಸೇರಿ ಹುಲ್ಲಿನ ಕಂತೆ ಎತ್ತಿದ ಹಾಗೆ ಎತ್ತಿ ಪಕ್ಕಕ್ಕಿಟ್ಟರು.

ಅತ್ತೆಯ ಹಿಂದೆಯೇ ಮನೆಗೆ ಹೊರಟೆ. ಹಿಟ್ಟಿನ ಡಬ್ಬ ನಾನು ಹೊರುತ್ತೇನೆಂದು ತೆಗೆದುಕೊಂಡರೆ ಸೊಂಟದವರೆಗೂ ಎತ್ತಲಾಗಲಿಲ್ಲ. ಅವರೇ ಕಿತ್ತುಕೊಂಡು ಸೊಂಟಕ್ಕಿಟ್ಟುಕೊಂಡರು. ಮನೆಗೆ ಬಂದು ಮಜ್ಜಿಗೆ ಕೊಟ್ಟು ಕೇಳಿದಾಗ ಎಲ್ಲ ಹೇಳಿದೆ. ನನ್ನ ತೋಳು ಹಿಸುಕಿ ನೋಡಿ, "ಇನ್ನೂವಿ ಮೆತ್ತಗೇ ಅದ" ಎಂದರು. ಸಂಜೆ ನಮ್ಮ ಯಜಮಾನರು ಬಂದಾಗ ಅದರ ಬಗ್ಗೆ ಬಾಯಿಯೇ ಬಿಡಲಿಲ್ಲ.

ಜಿಮ್ ಮುಗಿಯಿತು ಎಂದುಕೊಂಡಿದ್ದೆ. ಮಾರನೆಯ ದಿನ ಹೊತ್ತಿಗೆ ಸರಿಯಾಗಿ ಅತ್ತೆ ಚಪ್ಪಲಿ ಮೆಟ್ಟಿ ಬಾಗಿಲಲ್ಲಿ ನಿಂತಿದ್ದರು. "ನಡಿ, ಓಗನ. ಒಬ್ಳೇ ಓದ್ರ ಸತ್ತೋಯ್ತೀಯ."

ಅವತ್ತಿನಿಂದ ನನ್ನ ತಲೆಯ ಹತ್ತಿರ ಪ್ಲಾಸ್ಟಿಕ್ ಕುರ್ಚಿ ಹಾಕಿಕೊಂಡು, ಎಲೆ ಅಡಿಕೆ ಹಾಕಿಕೊಂಡು ಕೂರುತ್ತಿದ್ದರು. ನನ್ನ ಮುಖ ಕೆಂಪಾದರೆ, "ಸಾಕು, ಇಟ್ಬುಡು" ಎನ್ನುತ್ತಿದ್ದರು. ತವರಿನಿಂದ ಬಂದ ರೇಖಾಳಿಗೂ ಅದೇ ಕಾನೂನು. ಮೈತುಂಬ ಬಟ್ಟೆ ಹಾಕಿಕೊಂಡವರ ಪಟ ಸಿಗಲ್ವಾ ಎಂದು ಮಾಲೀಕರನ್ನು ಬೈದು ಪೋಸ್ಟರುಗಳನ್ನೂ ಕೀಳಿಸಿದರು.

ಮುಂದಿನ ವರ್ಷ ಗುಂಡ್ಲುಪೇಟೆಯಲ್ಲಿ ನೆಂಟರ ಮದುವೆ. ಊಟಕ್ಕೆ ಕೂತಾಗ ದೂರದ ಸಂಬಂಧದ ದೊಡ್ಡಮ್ಮ ಒಬ್ಬರು ನನ್ನ ತೋಳು ಮುಟ್ಟಿ, ಪಕ್ಕದಲ್ಲಿದ್ದ ಅತ್ತೆಗೆ, "ಇದೇನವ್ವ, ನಿನ್ ಸೊಸ ತೋಳು ಗಂಡಸ್ರ ತೋಳಿದ್ದಂಗದ" ಎಂದು ಎಲ್ಲರಿಗೂ ಕೇಳುವಂತೆ ಹೇಳಿದರು. ಸಾಲಿನವರೆಲ್ಲ ನನ್ನತ್ತ ತಿರುಗಿದರು. ನಾನು ತೋಳು ಮುಚ್ಚಲು ಸೆರಗು ಎಳೆದುಕೊಳ್ಳುತ್ತಿದ್ದೆ.

ಅತ್ತೆ ಪಾಯಸದಿಂದ ತಲೆ ಎತ್ತದೆ ಹೇಳಿದರು: "ನಾನೇ ಕಣವ್ವ ಮಾಡ್ಸಿರದು. ಸುಮ್ನೆ ಆಯ್ತದಾ?"

ಆಮೇಲೆ ತರಬೇತುದಾರರಿರುವ ದೊಡ್ಡ ಜಿಮ್‌ಗಳನ್ನೂ ನೋಡಿದ್ದೇನೆ. ಆದರೆ ಅತ್ತೆ ಪಕ್ಕದಲ್ಲಿದ್ದಾಗ ಇದ್ದ ಧೈರ್ಯ ಎಲ್ಲೂ ಸಿಗಲಿಲ್ಲ. ಅವತ್ತು ಅವರ ಮಾತು ಕೇಳಿದ ಮೇಲೆ, ಮದುವೆ ಮನೆಯಿಂದ ಹೊರಡುವವರೆಗೂ ನಾನು ತೋಳಿನ ಮೇಲೆ ಸೆರಗು ಹೊದ್ದುಕೊಳ್ಳಲೇ ಇಲ್ಲ.