ಗಂಜಿ ಕುಂಚಕ್ಕೆ ಒಪ್ಪಿದ ಟೈರು

ಅಂಜಮ್ಮ ಎರಡು ಮಗ್ಗ ಮಾರಿ ಜೀಪು ತಂದಾಗ ಸೇಲಂನ ಆ ಕನ್ನಡ ನೇಕಾರರ ಬೀದಿ ಮೂಗಿನ ಮೇಲೆ ಬೆರಳಿಟ್ಟುಕೊಂಡಿತು. ಅದೇನೂ ಹೊಸದಲ್ಲ ಬಿಡಿ, ಅವಳು ಸೊಸೆಯಾಗಿ ಬಂದಾಗಿನಿಂದ ಆ ಬೀದಿಯ ಬೆರಳು ಮೂಗಿನ ಮೇಲಿಂದ ಇಳಿದದ್ದೇ ಕಡಿಮೆ. ತೊಂಬತ್ತರ ದಶಕದ ನಡುವಿನ ಮಾತು. ಪವರ್‌ಲೂಮಿನ ಸೀರೆ ಬಂದು ಕೈಮಗ್ಗದ ಸೀರೆಯನ್ನು ಕೇಳುವವರೇ ಇರಲಿಲ್ಲ. ಗಂಡ ಗೋವಿಂದಪ್ಪ ಸಾಧು ಮನುಷ್ಯ, ತಲೆ ಮೇಲೆ ಕೈ ಹೊತ್ತು ಕೂತ. ಅಂಜಮ್ಮ ಕೂರುವ ಪೈಕಿಯಲ್ಲ. ಮಿಲಿಟರಿಯವರು ಹರಾಜು ಹಾಕಿದ, ನಾಲ್ಕು ಚಕ್ರವೂ ಒಟ್ಟಿಗೆ ಎಳೆಯುವ ಹಳೇ ಜೀಪೊಂದನ್ನು ತಂದಳು, ಓಡಿಸಲು ಕಲಿತಳು, ಲೈಸೆನ್ಸೂ ಮಾಡಿಸಿಕೊಂಡಳು.

ಏರ್ಕಾಡಿಗೆ ಟೂರಿಸ್ಟುಗಳನ್ನು ಕರೆದೊಯ್ಯಲು ಊರು ತುಂಬ ಗಾಡಿಗಳಿದ್ದವು. ಅವಳ ಕಣ್ಣಿದ್ದದ್ದು ಪಾಪಿರೆಡ್ಡಿಪಟ್ಟಿಯ ಆಚೆ, ಟಾರು ಮುಗಿದ ಮೇಲೆ ಶುರುವಾಗುವ ಬೆಟ್ಟದ ಹಳ್ಳಿಗಳ ಮೇಲೆ. ಕಾಡು, ಝರಿ ನೋಡಬೇಕೆನ್ನುವವರಿಗೂ ಬೆಟ್ಟದ ದೇವರಿಗೆ ಹರಕೆ ಹೊತ್ತವರಿಗೂ ಅಲ್ಲಿಗೆ ಹೋಗಲು ಬೇರೆ ದಿಕ್ಕಿರಲಿಲ್ಲ. ಗೋವಿಂದಪ್ಪ ಪಕ್ಕದಲ್ಲಿ ಕೂತು ಜನರ ಬುತ್ತಿ, ಲಗೇಜು ನೋಡಿಕೊಳ್ಳುತ್ತಿದ್ದ. ಇಳಿಜಾರು ಬಂದಾಗ ಕಣ್ಣು ಮುಚ್ಚಿಕೊಳ್ಳುತ್ತಿದ್ದ.

ಜೀಪಿನ ಜೊತೆ ಬಂದದ್ದು ರಿಬ್ ಟೈರು. ಉದ್ದಕ್ಕೆ ನಾಲ್ಕು ಗೆರೆ, ಅಷ್ಟೇ. ಟಾರಿನ ಮೇಲೆ ಸೊಗಸಾಗಿ ಓಡುತ್ತಿತ್ತು. ಮೊದಲ ಮಳೆಗೇ ಬೆಟ್ಟದ ಕೆಂಪು ಕೆಸರಿನಲ್ಲಿ ಹೂತು ಹೋಯಿತು, ಎತ್ತು ಕಟ್ಟಿ ಎಳೆಸಬೇಕಾಯಿತು. ಗೋವಿಂದಪ್ಪನ ಅಣ್ಣ ತಿಮ್ಮರಾಜು ಆ ಬೀದಿಗೆ ಯಜಮಾನ. ಎತ್ತು ಎಳೆದ ಕಥೆಯನ್ನು ಅವನು ಹೋದ ಹೋದ ಮದುವೆಮನೆಯಲ್ಲೆಲ್ಲ ಹೇಳಿ ನಗಿಸಿದ. ಅಂಜಮ್ಮ ಹಲ್ಲು ಕಚ್ಚಿಕೊಂಡು ಬಟನ್ ಟೈರು ಹಾಕಿಸಿದಳು. ಅದರಲ್ಲಿ ಅಂಗೈಯಗಲದ ರಬ್ಬರ್ ಗಟ್ಟಿಗಳು, ನಡುವೆ ಆಳವಾದ ಸಂದು. ಜೀಪು ಬೆಟ್ಟವನ್ನು ಸರಸರ ಏರಿತು.

ಆದರೆ ಆ ಸಂದುಗಳು ಬೆಟ್ಟದ ಮಣ್ಣನ್ನು ಕಚ್ಚಿಕೊಂಡೇ ಮನೆಗೆ ತಂದವು. ನೇಕಾರರ ಬೀದಿಯಲ್ಲಿ ಬೆಳಗಾಯಿತೆಂದರೆ ಬೀದಿಯುದ್ದಕ್ಕೂ ಮಗ್ಗಕ್ಕೇರಿಸುವ ಹಾಸಿನ ಬಿಳಿ ನೂಲನ್ನು ಬಿಗಿದು ಕಟ್ಟಿ, ಗಂಜಿ ಹಚ್ಚಿ, ದೊಡ್ಡ ಕುಂಚದಿಂದ ತೀಡುತ್ತಾರೆ. ಹಾಗೆ ಬಿಗಿದ ನೂಲಿಗೆ ಅವರು ಪಾವು ಎನ್ನುತ್ತಾರೆ. ಒಂದು ಬೆಳಿಗ್ಗೆ ಜೀಪು ಬೀದಿಗೆ ತಿರುಗುವಾಗ ಚಕ್ರ ಚರಂಡಿ ನೀರಿಗಿಳಿದು ಎದ್ದಿತು. ಅಷ್ಟು ದೂರ ಟಾರಿನ ಮೇಲೆ ಓಡಿದರೂ ಬಿಡದ ಮಣ್ಣು ಅಲ್ಲಿ ಸಡಿಲಗೊಂಡು, ಎದುರುಮನೆಯ ಪಳನಿಯಮ್ಮನ ಹಸಿ ಪಾವಿನ ಮೇಲೆ ಸಿಡಿಯಿತು. ಗಂಜಿಗೆ ಹತ್ತಿದ ಕೆಂಪು ಹೋಗುವುದುಂಟೆ? ಮುದುಕಿ ಬೀದಿಯಲ್ಲೇ ಕೂತು ಅತ್ತಳು. ಅಂಜಮ್ಮ ಜೀಪಿನಿಂದ ಇಳಿದು ಮನೆಗೆ ಓಡಿದಳು. ತಾನು ಎತ್ತಿಟ್ಟಿದ್ದ ನೂಲನ್ನೆಲ್ಲ ತಂದು ಅವಳ ಮಡಿಲಿಗೆ ಹಾಕಿದಳು.

ತಿಮ್ಮರಾಜುಗೆ ಅಷ್ಟೇ ಸಾಕಾಗಿತ್ತು. ಬೀದಿಯವರನ್ನು ಸೇರಿಸಿದ. ತಮ್ಮನ ಹೆಂಡತಿಯ ಜೊತೆ ಬಾವ ನೇರವಾಗಿ ಮಾತಾಡುವ ರೂಢಿ ಆ ಮನೆಯಲ್ಲಿರಲಿಲ್ಲ, ಏನಿದ್ದರೂ ಗೋವಿಂದಪ್ಪನ ಮೂಲಕವೇ.

“ಲೇ ಗೋವಿಂದ, ನಿನ್ನ ಎಂಡ್ರಿಗೆ ಏಳ್ಲಾ. ರಿಬ್ ಟೈರು ಆಕ್ಸ್‌ಬೇಕು. ಇಲ್ದಿದ್ರೆ ಆ ವಂಡಿ ಈ ಬೀದಿಗೆ ಬರ್ಕೂಡ್ದು.”

ಅಂಜಮ್ಮ ಅಲ್ಲೇ ಎದುರಿಗೆ ನಿಂತಿದ್ದಳು. ರಿಬ್ ಹಾಕಿಸಿದರೆ ಬೆಟ್ಟ ಮುಚ್ಚಿತು. ಬೆಟ್ಟ ಮುಚ್ಚಿದರೆ ಅವಳ ಕೆಲಸ ಮುಚ್ಚಿತು, ಮತ್ತೆ ಇವರ ಕಣ್ಣಳತೆಯಲ್ಲೇ ಬದುಕಬೇಕು. ಅವರಿಗೆ ಬೇಕಾದದ್ದೂ ಅದೇ ಎಂದು ಅವಳಿಗೆ ಚೆನ್ನಾಗಿ ಗೊತ್ತಿತ್ತು.

ಮಾರನೆಯ ದಿನ ಓಮಲೂರು ರಸ್ತೆಯ ಟೈರಂಗಡಿಗೆ ಗಂಡ ಹೆಂಡತಿ ಹೊರಟಾಗ ತಿಮ್ಮರಾಜು ಕರೆಯದೆಯೇ ಬಂದು ಹಿಂದಿನ ಸೀಟಿನಲ್ಲಿ ಕೂತ. ಅಂಗಡಿಯ ಮುತ್ತುಸ್ವಾಮಿಯೂ ಗಿರಾಕಿ ಅಂಜಮ್ಮನನ್ನು ಬಿಟ್ಟು ಅವನ ಮುಖವನ್ನೇ ನೋಡಿ, ತಮಿಳು ಬೆರೆಸಿ ಮಾತಾಡಿದ.

“ಲೇಡೀಸ್ ಓಡ್ಸೋ ವಂಡಿ ತಾನೇ ಸಾರ್? ರಿಬ್ಬೇ ಪೋದುಂ. ಕೋವಿಲ್‌ಗೆ ಓಗಿ ಬರಾಕೆ ಅಷ್ಟು ಸಾಕು.”

“ಗುಡಿಗೆ ನಾನು ನಡ್ಕೊಂಡೇ ಓಯ್ತೀನಿ. ಇರೋ ಟೈರೆಲ್ಲ ಎಳ್ದಾಕ್ರಿ,” ಎಂದಳು ಅಂಜಮ್ಮ.

ಟೈರುಗಳು ಹೊರಗೆ ಬಂದವು. ಅವಳು ಚೀಲದಿಂದ ತನ್ನ ಅತ್ತೆ ಕೊಟ್ಟಿದ್ದ ಗಂಜಿ ಕುಂಚವನ್ನು ತೆಗೆದಳು. ಮಗ್ಗ ಮಾರಿದರೂ ಕುಂಚವನ್ನು ಮಾರಿರಲಿಲ್ಲ. ನೆಲದ ಕೆಸರನ್ನು ಕೈಯಿಂದ ಬಾಚಿ ಬಟನ್ ಟೈರಿನ ಸಂದಿಗೆ ಮೆತ್ತಿದಳು, ಕುಂಚದಿಂದ ತೀಡಿದಳು. ಕುಂಚದ ಎಳೆಗಳು ಅರ್ಧಕ್ಕೇ ನಿಂತವು, ಮಣ್ಣು ಒಳಗೇ ಉಳಿಯಿತು. ಅದನ್ನು ಒದ್ದು ಪಕ್ಕಕ್ಕೆ ಉರುಳಿಸಿ ಮುಂದಿನದಕ್ಕೆ ಕೂತಳು.

ತಿಮ್ಮರಾಜುವಿನ ಮುಖ ಕಪ್ಪಿಟ್ಟಿತು. “ಲೇ ಗೋವಿಂದ! ಆಯುಧಪೂಜೇಲಿ ಚೌಡಮ್ಮ ತಾಯಿ ಮುಂದೆ ಮಡ್ಗೋ ಕುಂಚ ಕಣ್ಲಾ ಅದು! ರಸ್ತೆ ತುಳ್ಯೋ ಟೈರಿಗೆ ಆಕ್ತಾಳಲ್ಲೋ!”

ಗೋವಿಂದಪ್ಪ ಹೆಂಡತಿಯ ಕಡೆ ನೋಡಿದ. ಅಂಜಮ್ಮ ತಲೆ ಎತ್ತಲಿಲ್ಲ. “ಮಗ್ಗ ಅನ್ನ ಆಕ್ದಾಗ ಮಗ್ಗಕ್ಕೆ ಕುಂಚ ಆಕ್ದೆ. ಈಗ ಅನ್ನ ಆಕೋದು ಟೈರು. ತಾಯಿಗೆ ಕ್ವಾಪ ಬಂದ್ರೆ ನನ್ನೇ ಕೇಳ್ತಾಳೆ, ನಿಮ್ಮನ್ನಲ್ಲ.”

ಮೂಲೆಯಲ್ಲಿ ಯಾರೂ ಕೇಳದೆ ಬಿದ್ದಿದ್ದ ಒಂದು ಜೊತೆ ಟೈರನ್ನು ಮುತ್ತುಸ್ವಾಮಿ ಕೊನೆಗೆ ಎಳೆದ. ನಡುವೆ ಒತ್ತೊತ್ತಾಗಿ ಸಣ್ಣ ಗಟ್ಟಿಗಳು, ಅಂಚಿನಲ್ಲಿ ಬಾಯಿ ತೆರೆದ ಸಂದು. ಟಾರಿಗೂ ಆದೀತು, ಕೆಸರಿಗೂ ಆದೀತು, ಎರಡಕ್ಕೂ ಪೂರಾ ಅಲ್ಲ ಎಂದು ಡ್ರೈವರುಗಳು ಬೇಡವೆಂದಿದ್ದ ಟೈರು. ಅಂಜಮ್ಮ ಮಣ್ಣು ಮೆತ್ತಿ ಕುಂಚ ಎಳೆದಳು. ಎಳೆಗಳು ತಳ ಮುಟ್ಟಿದವು. ಮಣ್ಣು ಸುಲಿದುಕೊಂಡು ಬಂದು ಕಪ್ಪು ರಬ್ಬರು ಕಂಡಿತು. ಅವಳಿಗೆ ಎಷ್ಟೋ ದಿನದ ಮೇಲೆ ನಗು ಬಂತು.

“ಇದ್ನೇ ಆಕಿ. ಇನ್ನೊಂದು ಜೊತೆ ಎಲ್ಲಿದ್ರೂ ತರ್ಸಿ.”

ನಾಲ್ಕೂ ಟೈರು ಕೂತ ಮೇಲೆ, ಮಳೆ ಹಿಡಿದಾಗಲೇ, ಬೇಕೆಂದೇ ಬೆಟ್ಟಕ್ಕೆ ಹೋದಳು. ಎತ್ತು ಕಟ್ಟಿದ್ದ ಆ ಏರಿನಲ್ಲಿ ಜೀಪು ಎರಡು ಸಲ ಜಾರಿತು, ಮೂರನೆಯ ಸಲ ಕಚ್ಚಿ ಹತ್ತಿತು. ಗೋವಿಂದಪ್ಪ ಒಂದು ಕಣ್ಣು ತೆರೆದಿದ್ದ. ರಾತ್ರಿ ಬೆಟ್ಟದಲ್ಲೇ ಉಳಿದು ಬೆಳಿಗ್ಗೆ ಸೇಲಂಗೆ ಬಂದರು.

ಬೀದಿಯಲ್ಲಿ ಪಳನಿಯಮ್ಮನ ಹೊಸ ಪಾವು ಹಾಸಿತ್ತು, ಅಂಜಮ್ಮ ಕೊಟ್ಟ ನೂಲಿನದು. ಉದ್ದಕ್ಕೂ ಜನ, ತುದಿಯ ಕೋಲು ಹಿಡಿದು ತಿಮ್ಮರಾಜು. ಗಾಡಿ ಹೋಗಬೇಕೆಂದರೆ ಪಾವನ್ನು ಎಲ್ಲರೂ ಒಟ್ಟಿಗೆ ಎತ್ತಿ ಪಕ್ಕಕ್ಕೆ ಸರಿಸಬೇಕು. ಒಬ್ಬ ಹಿಂದೆ ಬಿದ್ದರೂ ನೂಲು ಸಡಿಲಗೊಂಡು ಸಿಕ್ಕಾಗುತ್ತದೆ. ಅಂಜಮ್ಮ ಬೀದಿಯ ಬಾಯಲ್ಲೇ ಇಳಿದಳು. ಎಲ್ಲರೂ ನೋಡುತ್ತಿದ್ದಂತೆ ಸೆರಗು ಕಟ್ಟಿ, ಅದೇ ಕುಂಚದಿಂದ ನಾಲ್ಕೂ ಚಕ್ರವನ್ನು ತೀಡಿದಳು.

ತಿಮ್ಮರಾಜು ಕೂಗಿದ. “ಗೋವಿಂದ, ಸುತ್ಕೊಂಡು ಓಗಕ್ಕೆ ಏಳ್ಲಾ! ಪಾವು ಸರ್ಸಾಕಿಲ್ಲ!”

ಪಳನಿಯಮ್ಮ ಗಂಜಿಯ ಕೈ ಒರೆಸಿಕೊಂಡು ಎದ್ದು ಬಂದಳು. ತನ್ನ ಬಿಳಿ ಸೀರೆಯ ಸೆರಗನ್ನು ಟೈರಿನ ಸಂದಿಗೆ ತುರುಕಿ ಎಳೆದಳು, ಬಿಸಿಲಿಗೆ ಹಿಡಿದು ನೋಡಿದಳು. ಕೆಂಪು ಇರಲಿಲ್ಲ.

“ಪಾವು ನಂದು. ಎತ್ರಲಾ,” ಎಂದಳು.

ಜನ ಎತ್ತಿದರು. ತುದಿ ಹಿಡಿದ ತಿಮ್ಮರಾಜು ಎತ್ತದೆ ವಿಧಿಯಿರಲಿಲ್ಲ. ಬಿಳಿ ನೂಲಿನ ಪಕ್ಕದಲ್ಲೇ ಜೀಪು ಮೆಲ್ಲಗೆ ಸಾಗಿ ಬಂದು, ಸರಿಯಾಗಿ ಅವನ ಎದುರಿಗೆ ನಿಂತಿತು.

“ಬಾವ, ನಾಳೆನೂ ಬೆಟ್ಟಕ್ಕೋಯ್ತೀನಿ. ನಾಡಿದ್ದು ಬರ್ತೀನಿ. ಕೋಲು ಇಡ್ಕೊಂಡಿರಿ,” ಎಂದಳು ಅಂಜಮ್ಮ.

ತಿಮ್ಮರಾಜು ತಮ್ಮನ ಕಡೆ ತಿರುಗಿದ. “ಲೇ ಗೋವಿಂದ, ಎಷ್ಟೊತ್ಗೆ ಬರ್ತಾಳಂತೆ ಕೇಳ್ಲಾ.”

“ನನ್ನೇ ಕೇಳಿ ಬಾವ. ವಂಡಿ ಓಡ್ಸೋಳು ನಾನು.”

ಎಂಜಿನ್ನು ಗುರುಗುಡುತ್ತಲೇ ಇತ್ತು, ಅವಳು ಗೇರು ಹಾಕಲಿಲ್ಲ. ಎತ್ತಿದ ಪಾವನ್ನು ಹಿಡಿದುಕೊಂಡೇ ಬೀದಿಯೆಲ್ಲ ಕಾದಿತು. ತಿಮ್ಮರಾಜು ಅವಳ ಕಡೆ ತಿರುಗಿದ.

“ಎಷ್ಟೊತ್ಗೆ ಬತ್ತೀಯಮ್ಮ?”